ಯಾರಿಗೂ ಹೊಳೆಯದ ಉಪಯೋಗ

ಅಪ್ಪನ ಬೂಟಿನ ಲೇಸು ಕಟ್ಟಲು ಬಗ್ಗಿದ್ದಾಗ ತನ್ನ ತಲೆಯ ಮೇಲೆ ಕೈಯೊಂದು ಎದ್ದದ್ದು ಅವನಿಗೆ ಕಾಣಲಿಲ್ಲ, ಆದರೆ ಗೊತ್ತಾಯಿತು. ಕುತ್ತಿಗೆ ತಾನಾಗಿಯೇ ಭುಜಗಳ ನಡುವೆ ಇಳಿಯಿತು, ಕಣ್ಣು ಮುಚ್ಚಿದವು, ದವಡೆ ಕಚ್ಚಿಕೊಂಡಿತು. ಕೈ ಬಂದು ಮೆತ್ತಗೆ ತಲೆಯ ಮೇಲೆ ಕೂತಿತು. ಅಪ್ಪ ಆಧಾರಕ್ಕೆ ಹಿಡಿದುಕೊಂಡಿದ್ದರು. ತೀರಾ ಬಿಗಿ ಮಾಡಬೇಡ ಪುಟ್ಟ, ಕಾಲು ಊದುತ್ತೆ ಎಂದರು. ನಲವತ್ತು ದಾಟಿದ, ಕಿವಿಯ ಹತ್ತಿರ ನರೆತ ಗಂಡಸೊಬ್ಬ ಮುದುಕನ ಪಾದದ ಬಳಿ ಮೊಣಕಾಲೂರಿ, ಬೀಳದ ಏಟಿಗೆ ಮೈ ಕುಗ್ಗಿಸಿ ಕೂತಿರುವುದನ್ನು ಅವನು ಬಾಗಿಲಲ್ಲಿ ನಿಂತ ಪರಕೀಯನಂತೆ ನೋಡಿದ. ಅಕ್ಕನೂ ನೋಡಿದಳು. ಇಸ್ತ್ರಿ ಮಾಡುತ್ತಿದ್ದ ಅವಳು ಒಂದು ಗಳಿಗೆ ಕೈ ನಿಲ್ಲಿಸಿ, ಮತ್ತೆ ಅಪ್ಪನ ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಒತ್ತಿದಳು. ಅವಳ ಬಲ ಮೊಣಕೈ ಪೂರ್ತಿ ಚಾಚುವುದಿಲ್ಲ. ಇಸ್ತ್ರಿಪೆಟ್ಟಿಗೆ ಮುಂದೆ ಹೋಗಬೇಕಾದರೆ ಅವಳು ಸೊಂಟದಿಂದ ಮೇಲಿನ ಮೈಯನ್ನೇ ಮುಂದೆ ತಳ್ಳಬೇಕು. ಬಟ್ಟೆ ಅಂಗಡಿಯಲ್ಲಿ ಪ್ಯಾಂಟುಗಳ ಉದ್ದ ಕತ್ತರಿಸಿ ಹೊಲಿಯುವ ಕೆಲಸವನ್ನೂ ಅವಳು ಹಾಗೆಯೇ, ಮಷೀನಿನ ಮೇಲೆ ಬಿದ್ದುಕೊಂಡಂತೆ ಮಾಡುತ್ತಾಳೆ. ಮೂವರೇ ಇರುವ ಮನೆ ಅದು. ಅಕ್ಕ ಮದುವೆಯಾಗಿ ಹೋಗಿ ವರ್ಷ ತುಂಬುವ ಮೊದಲೇ ಮರಳಿದಳು. ಅವನು ಮದುವೆ ಬೇಡವೆಂದ. ಯಾಕೆ ಎಂದು ಕೇಳಿದವರಿಗೆಲ್ಲ ಸಂಬಳ ಸಾಲದು ಎಂದ. ತನ್ನ ಕೈಯ ಮೇಲೆ ನಂಬಿಕೆಯಿಲ್ಲ ಎಂದು ಹೇಳುವುದು ಹೇಗೆ?

ಇವತ್ತು ಅಪ್ಪನನ್ನು ಅವನೇ ತನ್ನ ಕೆಲಸದ ಜಾಗಕ್ಕೆ ಕರೆದೊಯ್ಯಬೇಕು. ಮೇಡಂ ಹೇಳಿದ್ದರು. ಅವನಿಗಿಂತ ಚಿಕ್ಕವರು, ಅವನ ಮೇಲಧಿಕಾರಿ. ಹೋದ ತಿಂಗಳು ಅವನು ಮರೆತುಬಂದಿದ್ದ ಕನ್ನಡಕ ಕೊಡಲು ಅಪ್ಪ ಗೇಟಿನ ತನಕ ಬಂದಿದ್ದಾಗ, ಕಾರಿನಿಂದ ಇಳಿಯುತ್ತಿದ್ದ ಮೇಡಂ ನಿಂತಲ್ಲೇ ನಿಂತುಬಿಟ್ಟರು. ಇವರು ನಮ್ಮ ಕ್ರಾಫ್ಟ್ ಮೇಷ್ಟ್ರು, ನಾನು ಇವರ ಕೈಯಲ್ಲಿ ಕಲಿತವಳು ಎಂದು ಅಪ್ಪನ ಎರಡೂ ಕೈ ಹಿಡಿದುಕೊಂಡರು. ಆ ಕೈಗಳು ಬೆಂಕಿಪೊಟ್ಟಣದಿಂದ ರೈಲು ಮಾಡುತ್ತಿದ್ದುದನ್ನು, ಹಳೆಯ ಕಾಲುಚೀಲದಿಂದ ಮುನಿಸಿಕೊಂಡ ಬೆಕ್ಕು ಮಾಡುತ್ತಿದ್ದುದನ್ನು ವಾಚ್‌ಮನ್ನಿಗೆ ಕೇಳಿಸುವಂತೆ ವರ್ಣಿಸಿದರು. ಆಮೇಲೆ ಅವನ ಕಡೆ ತಿರುಗಿ, "ನೀವು ಎಂಥ ಪುಣ್ಯವಂತರು. ಇಂಥವರ ಮನೇಲಿ ಬೆಳೆಯೋದು ಅಂದ್ರೆ!" ಎಂದರು. ಅವನು ಹೌದು ಮೇಡಂ ಎಂದ. ಆ ಹೌದು ಅನ್ನು ಅವನು ಎಷ್ಟೋ ದಿನ ನಾಲಿಗೆಯ ಮೇಲೆ ಸುಟ್ಟ ಗಾಯದಂತೆ ಹೊತ್ತು ತಿರುಗಿದ. ಎಪ್ಪತ್ತು ದಾಟಿದವರನ್ನೂ ಪರೀಕ್ಷೆಗೆ ಸೇರಿಸಬೇಕೆಂದು ಸಭೆಯಲ್ಲಿ ನಿರ್ಧಾರವಾದಾಗ ಮೇಡಂ ಮೊದಲು ಹೇಳಿದ ಹೆಸರೇ ಮೇಷ್ಟ್ರದು.

ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಅವನು ಸಂಶೋಧನೆಯಲ್ಲಿ ಸಹಾಯಕ ಎನ್ನುತ್ತಾನೆ. ನಿಜಕ್ಕೂ ಅವನು ಮಾಡುವುದು ಜರಡಿ ಹಿಡಿಯುವ ಕೆಲಸ. ಮನುಷ್ಯನಿಗೆ ಹೊಸತೊಂದು ಹೇಗೆ ಹೊಳೆಯುತ್ತದೆ, ಕೃತಕ ಬುದ್ಧಿಯ ಯಂತ್ರಕ್ಕೂ ಹಾಗೆ ಹೊಳೆಯುತ್ತದೆಯೇ ಎಂದು ಅಳೆಯುವ ಕೇಂದ್ರ ಅದು. ಬಂದವರ ಎದುರಿಗೆ ಒಂದು ಸಾಮಾನು ಇಡುತ್ತಾರೆ, ಇಟ್ಟಿಗೆಯೋ ತಗಡಿನ ಡಬ್ಬಿಯೋ ಹಳೆಯ ಪತ್ರಿಕೆಯೋ. ಇದರಿಂದ ಏನೇನು ಮಾಡಬಹುದು, ಯಾರಿಗೂ ಹೊಳೆಯದ್ದು ಹೇಳಿ ಎನ್ನುತ್ತಾರೆ. ಅದೇ ಪ್ರಶ್ನೆ ಯಂತ್ರಕ್ಕೂ. ಮನುಷ್ಯರು ಸ್ವಲ್ಪ ಹೊತ್ತಿಗೆ ತಡವರಿಸುತ್ತಾರೆ, ಯಂತ್ರ ಸಾಕು ಎನ್ನುವ ತನಕ ಹೇಳುತ್ತಲೇ ಇರುತ್ತದೆ. ಮೊದಮೊದಲು ಅದು ಎಲ್ಲವನ್ನೂ ಹೇಳುತ್ತಿತ್ತು. ಇಟ್ಟಿಗೆಯಿಂದ ಮಲಗಿದವನ ಮುಖ ಜಜ್ಜಬಹುದು. ಡಬ್ಬಿಯ ಮುಚ್ಚಳದ ಅಂಚಿನಿಂದ ಗಂಟಲು ಸೀಳಬಹುದು. ಪತ್ರಿಕೆ ನೆನೆಸಿ ಬಿಗಿಯಾಗಿ ಸುತ್ತಿದರೆ ಮೂಳೆ ಮುರಿಯುವಷ್ಟು ಗಟ್ಟಿಯಾಗುತ್ತದೆ. ಇಂಥವುಗಳ ಮುಂದೆ ಬೇಡ ಎಂದು ಗುರುತು ಹಾಕುವುದು ಅವನ ಕೆಲಸ. ಅವನು ಬೇಡ ಎಂದಂತೆಲ್ಲ ಯಂತ್ರ ಅವನ್ನು ಬಾಯಿಗೆ ತರದಿರಲು ಕಲಿಯುತ್ತದೆ. ಪತ್ರಿಕೆಯ ಉತ್ತರಕ್ಕೆ ಗುರುತು ಹಾಕುವ ಮೊದಲು ಅವನ ಬೆರಳು ತಡೆದಿತ್ತು. ಅದು ಸುಳ್ಳಲ್ಲ ಎಂದು ಅವನ ಬೆನ್ನಿಗೆ ಗೊತ್ತಿತ್ತು. ಶಾಲೆ ಬಿಟ್ಟು ಬಂದ ಒಂದು ಸಂಜೆ, ಬಾಲ್ದಿಯ ನೀರಿನಲ್ಲಿ ಭಾನುವಾರದ ಪುರವಣಿ ನೆನೆಯುತ್ತಿತ್ತು. ಯಾಕೆ ಎಂದು ಅವನಿಗೆ ಹೊಳೆಯುವ ಮೊದಲೇ ಅಪ್ಪ ಅದನ್ನು ಹಿಂಡಿ ಸುತ್ತತೊಡಗಿದ್ದರು. ಅವನು ಒಂದು ವರ್ಷ ಗುರುತು ಹಾಕಿದ ಮೇಲೆ ಯಂತ್ರ ಸಾಧುವಾಯಿತು. ನೋಡಿ, ಇದರಲ್ಲಿ ಈಗ ಕ್ರೌರ್ಯವೇ ಇಲ್ಲ ಎಂದು ಮೇಡಂ ಬಂದವರಿಗೆ ತೋರಿಸಿದರು. ಎಲ್ಲಿಗೂ ಹೋಗಿಲ್ಲ ಮೇಡಂ, ಬಾಯಿಗೆ ಬಂದದ್ದನ್ನು ನುಂಗುವುದು ಕಲಿತಿದೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಅವನಿಗೂ ಅಭ್ಯಾಸವಿತ್ತು. ಒಮ್ಮೆ ಹೆಸರು ಹಾಕದೆ ಅವನೂ ಪರೀಕ್ಷೆಗೆ ಕೂತಿದ್ದ. ಡಬ್ಬಿ ಕಂಡ ಕೂಡಲೆ ತಲೆಯೊಳಗೆ ನುಗ್ಗಿದ್ದನ್ನೆಲ್ಲ ಸೋಸಿ, ಕೊನೆಗೆ ಉಳಿದದ್ದನ್ನು ಹೇಳಿದ: ಪೆನ್ನು ಇಡಬಹುದು. ಮರುದಿನ ಅಂಕಗಳನ್ನು ಓದುತ್ತ ಮೇಡಂ, ಇದ್ಯಾರೋ ಪಾಪ, ಒಳಗೆ ಖಾಲಿ ಎಂದು ನಕ್ಕರು. ಅವನೂ ನಕ್ಕ.

ಟ್ಯಾಕ್ಸಿಯಲ್ಲಿ ಅಪ್ಪ ಕಿಟಕಿಗೆ ಮುಖವಿಟ್ಟುಕೊಂಡು ಮಗುವಿನಂತೆ ಊರು ನೋಡಿದರು. ಕೈಗೆ ಯಾವುದೋ ರಸೀದಿ ಸಿಕ್ಕಿತ್ತು. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಅದು ಕೊಕ್ಕು ತೆರೆದ ಹಕ್ಕಿಯಾಗಿತ್ತು. ಇಳಿಯುವಾಗ ಡ್ರೈವರಿಗೆ ಕೊಡುತ್ತೇನೆ ಎಂದರು, ಅವನಿಗೆ ಮಕ್ಕಳಿರಬಹುದು. ಮಗನಿಗೆ ಆ ಬೆರಳುಗಳಿಂದ ಕಣ್ಣು ಕೀಳಲಾಗಲಿಲ್ಲ. ಅಪ್ಪ ಎಂದೂ ಕೋಲಿನಿಂದ ಹೊಡೆದವರಲ್ಲ. ಪಕ್ಕದ ಮನೆಯಲ್ಲಿ ಬೆಲ್ಟಿನ ಸದ್ದು ಕೇಳಿದಾಗ, ಕಲ್ಪನೆ ಇಲ್ಲದ ಜನ ಎಂದು ಮುಖ ಸಿಂಡರಿಸಿದ್ದರು. ಅವರು ಮೊದಲು ಕೋಣೆಯನ್ನೊಮ್ಮೆ ನೋಡುತ್ತಿದ್ದರು. ಅವಸರವಿರಲಿಲ್ಲ. ಕಣ್ಣು ಸಾಮಾನಿನಿಂದ ಸಾಮಾನಿಗೆ ಹೋಗಿ, ಒಂದರ ಮೇಲೆ ನಿಂತು, ಹುಬ್ಬು ತುಸು ಮೇಲೇರುತ್ತಿತ್ತು. ಬೆಂಕಿಪೊಟ್ಟಣದಲ್ಲಿ ರೈಲು ಕಂಡಾಗ ಏರುತ್ತಿದ್ದ ಅದೇ ಹುಬ್ಬು. ಶಾಲೆಯ ಮಕ್ಕಳು ಅದಕ್ಕಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಮನೆಯ ಮಕ್ಕಳೂ ಉಸಿರು ಬಿಗಿಹಿಡಿಯುತ್ತಿದ್ದರು. ಗಂಟು ಹಾಕಿದ ಒದ್ದೆ ಟವಲು. ಸೈಕಲ್ಲಿನ ಟ್ಯೂಬು. ಭೂಪಟ ಸುತ್ತಿಡುವ ಉರುಳೆ. ಶಬ್ದಕೋಶದ ಬೆನ್ನು. ಒಮ್ಮೆ ಫ್ರಿಜ್ಜಿನಿಂದ ತೆಗೆದ ಮಂಜುಗಡ್ಡೆಯನ್ನು ಅವನ ಮುಷ್ಟಿಯಲ್ಲಿಟ್ಟು, ಕರಗುವ ತನಕ ತೆರೆಯಬಾರದು ಎಂದು ಮೇಲಿಂದ ತಮ್ಮ ಮುಷ್ಟಿ ಬಿಗಿದು ಕೂತಿದ್ದರು. ಕೂತು, ಧ್ರುವಪ್ರದೇಶದ ಕರಡಿಗಳ ಕಥೆ ಹೇಳಿದ್ದರು. ಕಥೆ ಚೆನ್ನಾಗಿತ್ತು. ಅವನು ಅಳುತ್ತಲೇ, ಆಮೇಲೆ ಏನಾಯಿತು ಎಂದು ಕೇಳಿದ್ದ. ತನ್ನ ಬಾಲ್ಯದಲ್ಲಿ ಅವನಿಗೆ ಎಲ್ಲಕ್ಕಿಂತ ನಾಚಿಕೆಯಾಗುವುದು ಆ ಪ್ರಶ್ನೆಯ ಬಗ್ಗೆ.

ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು. ಅಪ್ಪನನ್ನು ಒಂದೊಂದೇ ಕೋಣೆಗೆ ಕರೆದೊಯ್ದು ವಿವರಿಸಿದರು, ಅವನು ಅಪ್ಪನ ಕೋಟು ಹಿಡಿದುಕೊಂಡು ಹಿಂದೆ ನಡೆದ. ಕಲ್ಪನೆ ಅನ್ನೋದು ಆಕಾಶದಿಂದ ಇಳಿಯೋದಿಲ್ಲ ಮೇಷ್ಟ್ರೇ ಎಂದರು ಮೇಡಂ. ಮಿದುಳಿನಲ್ಲಿ ಒಂದು ಭಾಗ ಸುಮ್ಮನಿದ್ದಾಗ ಅಲೆಯುತ್ತಿರುತ್ತದೆ, ಹಳೆಯ ನೆನಪುಗಳ ಚೂರುಗಳನ್ನು ಒಂದಕ್ಕೊಂದು ಅಂಟಿಸಿ ಮುಂದೆ ಎಸೆಯುತ್ತದೆ. ಇನ್ನೊಂದು ಭಾಗ ಅದನ್ನು ಹಿಡಿದು ನೋಡಿ, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಆರಿಸುತ್ತದೆ. ಎಸೆಯುವವನೊಬ್ಬ, ಜರಡಿ ಹಿಡಿಯುವವನೊಬ್ಬ; ಇಬ್ಬರೂ ಒಟ್ಟಿಗೆ ದುಡಿದರೆ ಹೊಸತು. ಯಂತ್ರಕ್ಕೆ ಬಾಲ್ಯವಿಲ್ಲ, ಆದರೆ ಜನ ಬರೆದದ್ದನ್ನೆಲ್ಲ ಅದಕ್ಕೆ ಉಣಿಸಿದ್ದೇವೆ. ಯಾವ ಮಾತಿನ ಪಕ್ಕ ಯಾವ ಮಾತು ಬಂದೀತು ಎಂದು ಅದು ಊಹಿಸುತ್ತ ಹೋಗುತ್ತದೆ. ದೂರದ ಎರಡು ಮಾತು ಒಟ್ಟಿಗೆ ಬಿದ್ದಾಗ ನಮಗೆ ಅದು ಕಲ್ಪನೆಯಂತೆ ಕಾಣುತ್ತದೆ. ಆಮೇಲೆ ಮೇಡಂ ದನಿ ತಗ್ಗಿಸಿ, ಗುಟ್ಟು ಹೇಳುವವರಂತೆ, ಇನ್ನೊಂದು ವಿಚಾರ ಹೇಳಿದರು. ನೆನಪು ಅಂದರೆ ಕಪಾಟಿನಲ್ಲಿಟ್ಟ ಫೋಟೋ ಅಲ್ಲವಂತೆ. ಪ್ರತಿ ಸಲ ನೆನೆಸಿಕೊಂಡಾಗಲೂ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದಂತೆ, ಕಲ್ಪಿಸಿಕೊಳ್ಳುವಾಗ ಕೆಲಸ ಮಾಡುವ ಜಾಗವೇ ನೆನೆಸಿಕೊಳ್ಳುವಾಗಲೂ ಬೆಳಗುತ್ತದಂತೆ. ಅಪ್ಪ ತಲೆದೂಗಿದರು. ಗೋಡೆಯ ಮೇಲಿನ ಮಿದುಳಿನ ಚಿತ್ರವನ್ನು, ಒಳ್ಳೆಯ ಕೆಲಸಗಾರಿಕೆಯನ್ನು ನೋಡುವಂತೆ ನೋಡಿದರು.

"ಹಾಗಾದ್ರೆ ನನ್ನ ಮಕ್ಕಳು ನೆನಪಿಟ್ಕೊಂಡಿರೋದೂ ಅರ್ಧ ಕಟ್ಟುಕತೆ ಅನ್ನಿ" ಎಂದರು.

ಎಲ್ಲರದ್ದೂ ಅಷ್ಟೇ ಮೇಷ್ಟ್ರೇ ಎಂದು ಮೇಡಂ ನಕ್ಕರು. ಈ ಪಾಠವನ್ನು ಅವನು ಎಷ್ಟೋ ಸಲ ಕೇಳಿದ್ದ, ಪ್ರತಿ ಸಲವೂ ತನ್ನೊಳಗೆ ಯಾರೋ ಒಂದು ಇಟ್ಟಿಗೆ ಎಳೆದುಕೊಂಡಂತಾಗುತ್ತಿತ್ತು. ಪುರವಣಿ ನಿಜಕ್ಕೂ ಬಾಲ್ದಿಯಲ್ಲಿ ನೆನೆಯುತ್ತಿತ್ತೇ? ಮಂಜುಗಡ್ಡೆಯ ದಿನ ಬೇಸಿಗೆಯೋ ಚಳಿಗಾಲವೋ? ಕರಡಿಯ ಕಥೆ ಬೇರೆ ದಿನದ್ದಿರಬಹುದು. ಅಳು ಬೇರೆ ಯಾವುದಕ್ಕೋ ಇರಬಹುದು. ಮನೆಯಲ್ಲಿ ಈ ಮಾತು ಯಾರೂ ಆಡಿದ್ದಿಲ್ಲ. ಅಕ್ಕ ಕೂಡ. ಆಡದೆ ಉಳಿದದ್ದು ನಡೆಯದೆ ಉಳಿದದ್ದರ ಹಾಗೇ ಕಾಣತೊಡಗುತ್ತದೆ. ಅಪ್ಪ ಆ ಮಾತನ್ನು ಅವನ ಕಡೆ ನೋಡದೆ ಆಡಿದ್ದರು, ಬೇಕೆಂದು ಆಡಿದರೋ ಸುಮ್ಮನೆ ಬಾಯಿಗೆ ಬಂತೋ ತಿಳಿಯಲಿಲ್ಲ.

ಪರೀಕ್ಷೆಯ ಕೋಣೆಗೆ ಒಂದು ದೊಡ್ಡ ಗಾಜು. ಅವನು ಈಚೆ ಕಡೆ ಕೂತ, ಅಪ್ಪ ಮತ್ತು ಮೇಡಂ ಆಚೆ. ಯಾವ ಸಾಮಾನು ಎಂದು ಆರಿಸುವುದು ಕಂಪ್ಯೂಟರ್. ಪರದೆಯ ಮೇಲೆ ಬಂದದ್ದನ್ನು ನೋಡಿ ಮೇಡಂ ಕಪಾಟು ತೆರೆದು, ಮರದ ಹ್ಯಾಂಗರೊಂದನ್ನು ತಂದು ಮೇಜಿನ ಮೇಲಿಟ್ಟರು. ಬಟ್ಟೆ ತೂಗುಹಾಕುವ ಸಾಧಾರಣ ಹ್ಯಾಂಗರು, ಮೇಲೆ ಕಬ್ಬಿಣದ ಕೊಕ್ಕೆ. ಅವನು ಕುರ್ಚಿಯಿಂದ ಅರ್ಧ ಎದ್ದ. ಅಕ್ಕನ ಮೊಣಕೈ ಮುರಿದದ್ದು ಹ್ಯಾಂಗರಿನಿಂದ. ಕಾಲೇಜಿಗೆ ಸೇರಿದ ಹೊಸತು, ಅವಳು ಯಾರದೋ ಜೊತೆ ರಸ್ತೆಯಲ್ಲಿ ನಗುತ್ತ ನಿಂತಿದ್ದನ್ನು ಅಪ್ಪ ಕಂಡಿದ್ದರು. ಬೀರು ತೆರೆದು, ಅಂಗಿಯನ್ನು ಹ್ಯಾಂಗರಿನಿಂದ ಬಿಡಿಸಿ, ನೀಟಾಗಿ ಮಡಿಸಿ ಮಂಚದ ಮೇಲಿಟ್ಟು, ಆಮೇಲೆ ಹೊಡೆದಿದ್ದರು. ಅಂಗಿ ಮಡಿಸಿದ್ದು ಅವನಿಗೆ ನೆನಪಿದೆ. ತೋಳುಗಳನ್ನು ಹಿಂದಕ್ಕೆ ಮಡಚಿ, ಗುಂಡಿಗಳನ್ನು ಹಾಕಿ. ಇದನ್ನೂ ಮಿದುಳು ಕಟ್ಟಿದೆಯೇ?

ಗಾಜಿನಾಚೆ ಅಪ್ಪ ಹ್ಯಾಂಗರನ್ನು ಕೈಗೆತ್ತಿಕೊಂಡರು. ಹುಬ್ಬು ಮೇಲೇರಿತು. ಎರಡು ತುದಿಗೆ ಎರಡು ಡಬ್ಬಿ ಕಟ್ಟಿದರೆ ಮಕ್ಕಳ ತಕ್ಕಡಿ ಎಂದರು. ಕಿಟಕಿಯ ಹೊರಗೆ ತೂಗುಹಾಕಿದರೆ ಗುಬ್ಬಿಯ ಉಯ್ಯಾಲೆ. ಬೋಳು ಗೋಡೆಗೆ ತಲೆಕೆಳಗಾಗಿ ಹೊಡೆದರೆ ಗೋಡೆಗೆ ಮೀಸೆ. ಕೊಕ್ಕೆ ಪ್ರಶ್ನೆ ಕೇಳುವ ಗುರುತಿನ ಹಾಗಿದೆ. ಕಣ್ಣು ಕಾಣದ ಮಗುವಿನ ಕೈಗೆ ಕೊಟ್ಟು, ಪ್ರಶ್ನೆ ಅಂದರೆ ಹೀಗಿರುತ್ತೆ ಕಂದ ಎಂದು ಹೇಳಬಹುದು. ಮೇಡಂ ಬರೆದುಕೊಳ್ಳುವುದನ್ನೇ ಬಿಟ್ಟು ಕೇಳುತ್ತಿದ್ದರು. ಅಪ್ಪನ ದನಿ ಸ್ಪೀಕರಿನಲ್ಲಿ ಕಿವಿಯ ಪಕ್ಕದಲ್ಲೇ ಇತ್ತು. ಒಬ್ಬಳೇ ಇರುವ ಹೆಂಗಸು ಗಂಡಸಿನ ಅಂಗಿಯೊಂದನ್ನು ಇದಕ್ಕೆ ಹಾಕಿ ಕಿಟಕಿಯಲ್ಲಿ ತೂಗುಬಿಡಬಹುದು ಎಂದರು. ಹೊರಗಿನವರಿಗೆ ಮನೆಯಲ್ಲಿ ಯಾರೋ ಇದ್ದಾರೆ ಎಂದು ಕಾಣುತ್ತದೆ, ಸ್ವಲ್ಪ ದಿನ ಹೋದರೆ ಅವಳಿಗೂ ಹಾಗೇ ಅನ್ನಿಸುತ್ತದೆ. ಮೇಡಂ ಕಣ್ಣೊರೆಸಿಕೊಂಡರು. ಗಾಜಿನ ಈಚೆಗೆ ಅವನು ಕಾಯುತ್ತಿದ್ದ. ಒಂದು ಉತ್ತರಕ್ಕೆ. ಬಂದೇ ಬರುತ್ತದೆ, ತಪ್ಪಿಯಾದರೂ ಬಾಯಿಗೆ ಬರುತ್ತದೆ, ಬಾರದಿದ್ದರೂ ಬಂದದ್ದನ್ನು ನುಂಗುವಾಗ ಗಂಟಲು ಅಲುಗುತ್ತದೆ ಎಂದು ಅಪ್ಪನ ಗಂಟಲನ್ನೇ ನೋಡುತ್ತಿದ್ದ. ನುಂಗುವುದು ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಂಟಲು ಅಲುಗಲಿಲ್ಲ. ಉತ್ತರಗಳು ಒಂದರ ಹಿಂದೊಂದು, ತಿಳಿನೀರಿನಂತೆ ಹರಿದವು. ಅವನು ಒಂದು ವರ್ಷ ಕೂತು ತೊಳೆದ ಯಂತ್ರದ ಉತ್ತರಗಳಿಗಿಂತ ತಿಳಿಯಾಗಿ.

ಇನ್ನು ಸಾಕು, ಇದಕ್ಕಿಂತ ಹೆಚ್ಚು ಅಂಕ ನಾನು ಯಾರಿಗೂ ಕೊಟ್ಟಿಲ್ಲ, ಯಂತ್ರಕ್ಕೂ ಕೊಟ್ಟಿಲ್ಲ ಎಂದು ಮೇಡಂ ರೆಕಾರ್ಡಿಂಗ್ ನಿಲ್ಲಿಸಿ, ಚಹಾ ತರಿಸಿ, ಅವನನ್ನೂ ಒಳಗೆ ಕರೆದರು. ಒಳಗೆ ಹೋದ. ಅಪ್ಪ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಮಗನಿಗೆ ಅಪ್ಪನ ಗುಣ ಯಾಕೆ ಬರಲಿಲ್ಲವೋ ಎಂದು ಮೇಡಂ ತಮಾಷೆ ಮಾಡಿದರು. ಬಂದಿದೆ, ಅವನು ಹೊರಗೆ ಬಿಡೋದಿಲ್ಲ ಎಂದರು ಅಪ್ಪ. ಹ್ಯಾಂಗರು ಮೇಜಿನ ಮೇಲೆ ಇಬ್ಬರ ನಡುವೆ ಬಿದ್ದಿತ್ತು.

"ಇನ್ನೊಂದು ಉಪಯೋಗ ಇದೆ" ಎಂದ ಅವನು. ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು.

"ಇದ್ದೀತು. ಹೇಳು ನೋಡೋಣ."

"ನೀವೇ ಹೇಳಿ. ಅಕ್ಕನ ಕೈ."

ಮೇಡಂ ಏನೋ ಆಟ ನಡೆದಿದೆ ಎಂಬಂತೆ ಒಬ್ಬರಿಂದ ಇನ್ನೊಬ್ಬರ ಕಡೆ ನಗುತ್ತ ನೋಡಿದರು. ಅಪ್ಪ ಕಪ್ಪು ಕೆಳಗಿಟ್ಟರು. ಹ್ಯಾಂಗರನ್ನು ನೋಡಿದರು, ಅವನನ್ನು ನೋಡಿದರು. ಮುಖದಲ್ಲಿ ಹೆದರಿಕೆಯಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಪಾಠ ಅರ್ಥವಾಗದ ಹುಡುಗನಿಗೆ ಇನ್ನೊಮ್ಮೆ ಹೇಳಿಕೊಡುವ ಮೇಷ್ಟ್ರ ತಾಳ್ಮೆ ಇತ್ತು.

"ಹೊಡೆಯೋದಾ? ಅದು ಎಲ್ಲರಿಗೂ ಹೊಳೆಯುತ್ತಲ್ಲ ಪುಟ್ಟ. ಯಾರಿಗೂ ಹೊಳೆಯದ್ದು ಹೇಳಿ ಅಂದ್ರು ಇವರು."

ಮೊದಲು ಅವನಿಗೆ ಆದದ್ದು ಸಮಾಧಾನ. ಇದು ಆಮೇಲೆ ನೆನೆದಾಗಲೂ ಅವನಿಗೆ ವಿಚಿತ್ರವೆನಿಸಿತು. ಹಾಗಾದರೆ ನಡೆದದ್ದು ನಿಜ. ಪುರವಣಿ ನಿಜ, ಮಂಜುಗಡ್ಡೆ ನಿಜ, ಮಡಿಸಿದ ಅಂಗಿ ನಿಜ. ತನ್ನ ತಲೆಯೊಂದೇ ಕಟ್ಟಿದ್ದಲ್ಲ, ಇನ್ನೊಂದು ತಲೆಯಲ್ಲೂ ಅದು ಇದೆ, ನೋವಿಲ್ಲದೆ, ಧೂಳಿಲ್ಲದೆ, ಬೇಕಾದಾಗ ತೆಗೆದು ನೋಡುವಂತೆ ಇದೆ. ಹೆಚ್ಚುಕಡಿಮೆ ಕೃತಜ್ಞತೆಯಂಥದ್ದೇ ಏನೋ ಎದೆಯಲ್ಲಿ ಎದ್ದಿತು. ಅದು ಏಳುತ್ತಿರುವಾಗಲೇ ಕೈ ಹ್ಯಾಂಗರನ್ನು ಎತ್ತಿಕೊಂಡಿತ್ತು. ಮೊದಲ ಏಟು ಅಡ್ಡ ಬಂದ ಅಪ್ಪನ ತೋಳಿಗೆ ಬಿತ್ತು, ಒಣ ಕಡ್ಡಿ ಮುರಿದಂಥ ಸದ್ದು ಬಂತು. ಕಪ್ಪು ಉರುಳಿ ಚಹಾ ಮೇಜಿನ ಅಂಚಿನಿಂದ ಅಪ್ಪನ ತೊಡೆಗೆ ಸುರಿಯಿತು. ಎರಡನೆಯದು ತಲೆಯ ಪಕ್ಕಕ್ಕೆ. ಕೊಕ್ಕೆ ಕಿವಿಗೆ ಸಿಕ್ಕಿಕೊಂಡಿತು, ಅವನು ಎಳೆದ, ಕಿವಿ ಹರಿಯಿತು. ಅಕ್ಕ ಬೆಳಿಗ್ಗೆ ಒತ್ತಿ ಒತ್ತಿ ಇಸ್ತ್ರಿ ಮಾಡಿದ್ದ ಕಾಲರಿನ ಮೇಲೆ ರಕ್ತ ಇಳಿಯಿತು. ಅಪ್ಪ ಕುರ್ಚಿಯಿಂದ ಪಕ್ಕಕ್ಕೆ ಜಾರಿ, ನೆಲದ ಮೇಲೆ ಮಗ್ಗುಲಾಗಿ, ಮುರಿಯದ ಕೈಯಿಂದ ತಲೆ ಮುಚ್ಚಿಕೊಂಡು, ಆಯ್ತು, ಆಯ್ತು ಎನ್ನುತ್ತಿದ್ದರು. ಅವನು ಬೆನ್ನಿಗೆ ಹೊಡೆದ, ಪಕ್ಕೆಗೆ ಹೊಡೆದ. ತಲೆಯೊಳಗೆ ಎಂದೂ ಇಲ್ಲದ ನಿಶ್ಶಬ್ದ. ಎಸೆಯುವವನೂ ಇರಲಿಲ್ಲ, ಜರಡಿ ಹಿಡಿಯುವವನೂ ಇರಲಿಲ್ಲ. ಕೋಣೆ ಸ್ವಚ್ಛವಾಗಿ, ಬೆಳಕಾಗಿ, ವಿಶಾಲವಾಗಿ ಕಂಡಿತು. ಪ್ರತಿಯೊಂದು ಸಾಮಾನೂ ತಾನು ಏನೋ ಅದೇ ಆಗಿತ್ತು. ಮೇಡಂ ಹಿಂದಿನಿಂದ ಅವನ ಸೊಂಟಕ್ಕೆ ಕೈ ಸುತ್ತಿ, ಸಾಕು, ಸಾಕು ಎಂದು ಜೋತುಬಿದ್ದಿದ್ದರು. ಕೇಳಿದ ಮಾತು ಎನ್ನಿಸಿತು. ಅಮ್ಮ ಬದುಕಿದ್ದಾಗ ಬಾಗಿಲಾಚೆಯಿಂದ ಹೇಳುತ್ತಿದ್ದದ್ದು ಅದನ್ನೇ, ಅಷ್ಟೇ ಸಲ. ಹ್ಯಾಂಗರಿನ ಒಂದು ತುದಿ ಮುರಿದು ಕಪಾಟಿನ ಕೆಳಗೆ ಹೋಯಿತು. ಅವನು ನಿಲ್ಲಿಸಿದ್ದು ಕರುಣೆಯಿಂದಲ್ಲ; ಹಿಡಿ ಸಡಿಲವಾಗಿತ್ತು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಪರದೆ ಎಳೆದ ಮಂಚದ ಮೇಲೆ ಅಪ್ಪನನ್ನು ಕೂರಿಸಿದ್ದರು. ಕಿವಿಗೆ ಹೊಲಿಗೆ ಹಾಕುತ್ತ ಯುವ ಡಾಕ್ಟರ್ ಹೇಗಾಯಿತು ಎಂದು ಕೇಳಿದ. ಅಪ್ಪ ಹೇಳಿದರು. ಕೋಟು ತೂಗುಹಾಕೋಣವೆಂದು ಕುರ್ಚಿ ಹತ್ತಿದರಂತೆ. ಅದು ಗಾಲಿಯ ಕುರ್ಚಿಯಂತೆ. ಈ ವಯಸ್ಸಿನಲ್ಲಿ ಗಾಲಿಯ ಕುರ್ಚಿ ಹತ್ತುವುದೆಂದರೆ ಪಳಗದ ಕುದುರೆ ಹತ್ತಿದ ಹಾಗಂತೆ. ಬೀಳುವಾಗ ಗೋಡೆಯ ಕೊಕ್ಕೆಗೆ ಕಿವಿ ಸಿಕ್ಕಿ, ನಾನು ಕೆಳಗೆ, ಕಿವಿ ಮಾತ್ರ ಇನ್ನೂ ಕೋಟಿನ ಜಾಗದಲ್ಲಿ ಎಂದರು. ಡಾಕ್ಟರ್ ಸೂಜಿ ಹಿಡಿದೇ ನಕ್ಕ. ಪಕ್ಕೆಯ ಬಾಸುಂಡೆಗೆ ಕುರ್ಚಿಯ ಕೈ ಬಂತು, ಸುಟ್ಟ ತೊಡೆಗೆ ಚಹಾ ಬಂತು, ಒಂದು ಗಾಯವೂ ಕಥೆಯ ಹೊರಗೆ ಉಳಿಯಲಿಲ್ಲ. ಅವನು ಪರದೆಯ ಪಕ್ಕ ನಿಂತು ಕೇಳಿದ. ಶಾಲೆಗೆ ಹೋಗುವ ಮುಂಚೆ ಅವನನ್ನೂ ಅಕ್ಕನನ್ನೂ ಎದುರಿಗೆ ನಿಲ್ಲಿಸಿಕೊಂಡು ಅಪ್ಪ ಹೀಗೇ ಕಥೆ ಕಟ್ಟಿಕೊಡುತ್ತಿದ್ದರು: ಉಯ್ಯಾಲೆ, ಒದ್ದೆ ಮೆಟ್ಟಿಲು, ಬ್ರೇಕು ಹಿಡಿಯದ ಸೈಕಲ್ಲು. ಅವನು ಒಮ್ಮೆಗೇ ಒಪ್ಪಿಸುತ್ತಿದ್ದ. ಅಕ್ಕ ತಡವರಿಸುತ್ತಿದ್ದಳು, ತಡವರಿಸಿದ್ದಕ್ಕೆ ಮತ್ತೆ ಏಟು ತಿನ್ನುತ್ತಿದ್ದಳು.

"ಸುಳ್ಳು. ನಾನು ಹೊಡೆದೆ" ಎಂದ ಅವನು.

ಡಾಕ್ಟರ್ ತಲೆಯೆತ್ತಿದ. ಅಪ್ಪ ಬ್ಯಾಂಡೇಜಿನ ತಲೆಯನ್ನು ಮೆಲ್ಲಗೆ ಅವನ ಕಡೆ ತಿರುಗಿಸಿದರು.

"ಇವನು ಚಿಕ್ಕಂದಿನಿಂದಲೂ ಹೀಗೇ ಡಾಕ್ಟ್ರೇ. ಯಾರಿಗೆ ಏನಾದ್ರೂ ತಾನೇ ಮಾಡಿದೆ ಅಂತ ಕೊರಗ್ತಾನೆ. ಕುರ್ಚಿ ಹಿಡ್ಕೊಳ್ಳಲಿಲ್ಲ ಅಂತ ಈಗ. ತುಂಬ ಮೆದು ಮನಸ್ಸು."

ಡಾ‌ಕ್ಟರ್ ಜೊತೆಗೆ ಬಂದು ನಿಂತಿದ್ದ ಮೇಡಂ ಕಡೆ ನೋಡಿದ. ಮೇಡಂ ತಮ್ಮ ತೋಳಿನ ಮೇಲಿನ ರಕ್ತದ ಕಲೆಯನ್ನು ನೋಡುತ್ತ, ಬಿದ್ದರು ಎಂದರು. ಅವರು ಯಾರನ್ನು ಕಾಪಾಡಿದರು ಎಂದು ಅವನಿಗೆ ತಿಳಿಯಲಿಲ್ಲ. ಅವನನ್ನೋ, ತಮ್ಮ ಕೇಂದ್ರವನ್ನೋ, ಕಾಲುಚೀಲದ ಬೆಕ್ಕನ್ನೋ. ಹೊರಗೆ ಬಂದಾಗ ಅವನ ಮುಖ ನೋಡದೆ, ನಾಳೆಯಿಂದ ಬರುವುದು ಬೇಡ, ನಿಮ್ಮ ಸಾಮಾನು ಕಳಿಸಿಕೊಡುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಅಕ್ಕ ಅಂಗಡಿಯಿಂದ ನೇರ ಬಂದಿದ್ದಳು. ಅಳತೆಯ ಟೇಪು ಕೊರಳಲ್ಲೇ ಇತ್ತು. ಪರದೆಯೊಳಗೆ ಹೋಗಿ ಒಂದಿಷ್ಟು ಹೊತ್ತು ಇದ್ದು, ಈಚೆ ಬಂದು ಬೆಂಚಿನ ಮೇಲೆ ಅವನ ಪಕ್ಕ ಕೂತಳು. ಅಪ್ಪನ ಕಥೆಯನ್ನು ಅವಳೂ ಕೇಳಿ ಬಂದಿದ್ದಳು. ಯಾವುದರಿಂದ ಎಂದು ಕೇಳಿದಳು. ಅವನು ಹೇಳಿದ. ಅಪ್ಪ ಆಡಿದ ಮಾತನ್ನೂ ಹೇಳಿದ, ಅವರಿಗೆ ಎಲ್ಲ ನೆನಪಿದೆ ಅಕ್ಕ ಎಂದ. ಅವಳು ಬೆರಗಾಗಲಿಲ್ಲ. ನೆನಪಿಲ್ಲ ಅಂತ ನಾನು ಯಾವತ್ತೂ ಅಂದ್ಕೊಂಡಿರಲಿಲ್ಲ ಎಂದಳು. ಎದುರಿನ ಗೋಡೆಯಲ್ಲಿ ಸುಣ್ಣ ಎದ್ದ ಜಾಗವನ್ನು ಇಬ್ಬರೂ ನೋಡಿದರು.

"ಹಗುರಾಯ್ತಾ?"

ಸುಳ್ಳು ಹೇಳಬಹುದಿತ್ತು. "ಆಯ್ತು" ಎಂದ.

"ಎಷ್ಟು ಹೊತ್ತು?"

"ಆಂಬುಲೆನ್ಸ್ ಬರೋ ತನಕ."

ಅಕ್ಕ ತಲೆಯಾಡಿಸಿದಳು. ತೋಳಿಗೆ ಕಟ್ಟು ಹಾಕಿ ಸಂಜೆಗೇ ಮನೆಗೆ ಕಳಿಸುತ್ತಾರಂತೆ, ಇನ್ನು ಊಟ ಮಾಡಿಸುವುದು, ಸ್ನಾನ ಮಾಡಿಸುವುದು ಎಲ್ಲ ತನ್ನ ಪಾಲಿಗೆ, ಅಂಗಡಿಯಲ್ಲಿ ರಜೆ ಕೇಳಬೇಕು ಎಂದಳು. ದೂರಿನ ದನಿಯಿರಲಿಲ್ಲ, ನಾಳೆಯ ಕೆಲಸ ಜೋಡಿಸಿಕೊಳ್ಳುವವಳ ದನಿ. ನಾನೂ ಮಾಡ್ತೀನಿ ಎಂದು ಅವನು ಹೇಳಹೊರಟ.

"ನೀನು ಮನೆಗೆ ಬರಬೇಡ ಪುಟ್ಟ" ಎಂದಳು ಅಕ್ಕ. "ಅವರಿಗೆ ಹೊಡೆದೆ ಅಂತಲ್ಲ. ಮನಸ್ಸಲ್ಲಿ ನಾನು ಅವರನ್ನ ಎಷ್ಟು ಸಲ ಕೊಂದಿದೀನೋ. ಆದ್ರೆ ಇನ್ಮೇಲೆ ನೀನು ಒಳಗೆ ಬಂದ್ರೆ ನಾನು ಮೊದಲು ನಿನ್ನ ಕೈ ನೋಡ್ತೀನಿ. ಆ ಮನೇಲಿ ನಾನು ನೋಡದೆ ಇರಬಹುದಾದ ಕೈ ಅಂದ್ರೆ ನಿಂದೊಂದೇ ಇತ್ತು ಕಣೋ."

ಪರದೆಯೊಳಗಿಂದ ನರ್ಸ್ ನಕ್ಕ ಸದ್ದು ಕೇಳಿಸಿತು, ಅಪ್ಪ ಏನೋ ಹೇಳಿರಬೇಕು. ಅಕ್ಕ ಎದ್ದಳು, ಎದ್ದು, ಟೇಪನ್ನು ಕೊರಳಿಂದ ತೆಗೆದು ಸುತ್ತತೊಡಗಿದಳು. ಅವನು ಜೇಬಿನಿಂದ ಮನೆಯ ಬೀಗದ ಕೈ ತೆಗೆದ. ಅವಳ ಅಂಗೈಗೆ ಇಡಲು ಧೈರ್ಯ ಬರಲಿಲ್ಲ. ಬೆಂಚಿನ ಮೇಲೆ, ಅವಳು ಕೂತೆದ್ದ ಜಾಗದಲ್ಲಿ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ಅವಳು ಎತ್ತಿಕೊಳ್ಳುವ ತನಕ ಅಲುಗದೆ ಕೂತ.